ಚಳಿಗಾಲಕ್ಕೆ ಯಾವ ಮರುಭೂಮಿ? ಆರ್‌ವಿ ಗಾಡಿಯಲ್ಲಿ ಹೊರಡುವ ಗಂಡ-ಹೆಂಡತಿಗೊಂದು ಹೋಲಿಕೆ

"ರೀ, ನಲ್ಲಿ ನಿಲ್ಲಿಸಿ!"

ಚಳಿಗಾಲದ ಮೂರು ತಿಂಗಳು ನಾನು ಜಾಸ್ತಿ ಆಡುವ ಮಾತು ಇದೇ. ಇವರು ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುತ್ತಾರೆ. ಮನೆಯಲ್ಲಿ ಇಷ್ಟು ವರ್ಷ ನಾನು ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಆರ್‌ವಿ, ಅಂದರೆ ಒಳಗೇ ಮನೆ ಇರುವ ಗಾಡಿಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಇರುವುದು 150 ಲೀಟರ್ ನೀರು, ಇಬ್ಬರು ಮನುಷ್ಯರು, ಸುತ್ತ ಜಲ್ಲಿ ನೆಲ ಮತ್ತು ಕಳ್ಳಿ.

ನಾವಿರುವುದು ಅಮೆರಿಕದ ಒರೆಗಾನ್‌ನಲ್ಲಿ. ನವೆಂಬರ್‌ನಲ್ಲಿ ಹಿಡಿದ ಮಳೆ ಏಪ್ರಿಲ್‌ವರೆಗೂ ಬಿಡುವುದಿಲ್ಲ. ತೀರ್ಥಹಳ್ಳಿ ಕಡೆಯವಳಾದ ನನಗೆ ಮಳೆಯೇನೂ ಹೊಸದಲ್ಲ. ಆದರೆ ಊರಲ್ಲಿ ಮಳೆಯ ಜೊತೆಗೆ ಹಲಸಿನ ಹಪ್ಪಳ ಇರುತ್ತಿತ್ತು, ಜಗಲಿಯಲ್ಲಿ ಹರಟೆಗೆ ಜನ ಇರುತ್ತಿದ್ದರು. ಇಲ್ಲಿ ಕಿಟಕಿ ಮತ್ತು ಟಿವಿ, ಅಷ್ಟೇ. ರಿಟೈರ್ ಆದ ಮೇಲೆ 25 ಅಡಿಯ ಹಳೇ ಕ್ಲಾಸ್ ಸಿ ಗಾಡಿ ತಗೊಂಡೆವು. ಮುಂದುಗಡೆ ವ್ಯಾನು, ಅದರ ಬೆನ್ನ ಮೇಲೆ ಒಂದು ರೂಮಿನ ಮನೆ. ಲೀಟರ್‌ಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ನಮ್ಮ ಪುಣ್ಯ. ಕೆನಡಾ, ಮಿನೆಸೋಟಾ ಕಡೆಯಿಂದ ಸಾವಿರಾರು ಮುದುಕ-ಮುದುಕಿಯರು ಹೀಗೇ ಹಕ್ಕಿಗಳ ಹಾಗೆ ದಕ್ಷಿಣಕ್ಕೆ ಇಳಿಯುತ್ತಾರೆ. ಅವರಿಗೆ ಸ್ನೋಬರ್ಡ್ ಅಂತಲೇ ಹೆಸರು. ನಾವೂ ಆ ಗುಂಪಿಗೆ ಸೇರಿ ನಾಲ್ಕು ಚಳಿಗಾಲ ಆಯಿತು.

ಹೊರಡುವ ಯೋಚನೆ ಇರುವ ಸ್ನೇಹಿತರು ಕೇಳುವುದು ಒಂದೇ: "ಯಾವ ಜಾಗ ಚೆನ್ನಾಗಿದೆ?" ಎಲ್ಲವೂ ಚೆನ್ನಾಗಿವೆ. ಆದರೆ ಟ್ಯಾಂಕು ಎಷ್ಟು ದಿನ ಬರುತ್ತದೆ, ಗಾಡಿಯ ಹಿಂದೆ ಕಾರು ಕಟ್ಟಿಕೊಂಡು ಹೋಗುತ್ತೀರಾ, ಮಾತಿಗೆ ಜನ ಬೇಕಾ ಬೇಡವಾ ಎನ್ನುವುದನ್ನು ಮೊದಲು ಹೇಳಿ. ಕೊನೆಯ ಪ್ರಶ್ನೆಗೆ ಗಂಡ-ಹೆಂಡತಿ ಬೇರೆ ಬೇರೆ ಕೂತು ಉತ್ತರ ಬರೆದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಆ ಉತ್ತರಗಳು ಹೊಂದುವುದೇ ಇಲ್ಲ.

ಮೊದಲು ಟ್ಯಾಂಕಿನ ಲೆಕ್ಕ

ಗಾಡಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಂದು ಒಳ್ಳೆ ನೀರಿಗೆ. ಸಿಂಕು ಮತ್ತು ಬಚ್ಚಲಿನ ನೀರು ಗ್ರೇ ಟ್ಯಾಂಕಿಗೆ, ಕಕ್ಕಸಿನದು ಬ್ಲ್ಯಾಕ್ ಟ್ಯಾಂಕಿಗೆ. ಒಳ್ಳೆ ನೀರು ಖಾಲಿಯಾದರೆ ಕ್ಯಾನಿನಲ್ಲಿ ತಂದು ಹುಯ್ಯಬಹುದು. ಗ್ರೇ ಟ್ಯಾಂಕ್ ತುಂಬಿದರೆ ಅದನ್ನು ಖಾಲಿ ಮಾಡುವ ಡಂಪ್ ಸ್ಟೇಷನ್‌ಗೆ ಹೋಗಲೇಬೇಕು, ಬೇರೆ ದಾರಿ ಇಲ್ಲ. ನಮ್ಮದು ಸುಮಾರು 115 ಲೀಟರಿನದು. ಮೊದಲ ಸಲ ಎರಡೂವರೆ ದಿನಕ್ಕೇ ತುಂಬಿ, ಬಚ್ಚಲಿನ ಜಾಲರಿಯಿಂದ ಹಿಂದಿನ ದಿನದ ಹುಳಿಯ ವಾಸನೆ ಬಂದಿತ್ತು.

ಈಗ ಆರು ದಿನ ಎಳೆಯುತ್ತೇವೆ. ಮಾಡಿದ್ದು ಬಹಳ ಇಲ್ಲ. ಷವರ್ ಬಿಟ್ಟು ಬಕೆಟ್ಟು-ಚೊಂಬಿಗೆ ಇಳಿದೆವು. ಒಂದು ಸ್ನಾನಕ್ಕೆ ಏಳೆಂಟು ಲೀಟರ್ ಸಾಕು. ಅಮೆರಿಕದವರು ನೀರು ಉಳಿಸಲು ಏನೇನೋ ಷವರ್ ತಲೆ ಕೊಳ್ಳುತ್ತಾರೆ, ನಮಗೆ ಚೊಂಬೇ ಸಾಕು. ತಟ್ಟೆಯನ್ನು ಮೊದಲು ಪೇಪರ್ ಟವಲ್‌ನಿಂದ ಒರೆಸಿ ಆಮೇಲೆ ತೊಳೆಯುತ್ತೇನೆ. ಇದಕ್ಕೆ ಉಲ್ಟಾ ನಮಗೊಂದು ಕಷ್ಟವೂ ಇದೆ. ಕಕ್ಕಸಿನಲ್ಲಿ ನಾವು ನೀರಿನ ಜನ, ಪೇಪರಿನವರಲ್ಲ. ಹಾಗಾಗಿ ನಮ್ಮ ಬ್ಲ್ಯಾಕ್ ಟ್ಯಾಂಕ್ ಪಕ್ಕದ ಗಾಡಿಯವರದಕ್ಕಿಂತ ಬೇಗ ತುಂಬುತ್ತದೆ. ಯಾವ ಗೈಡಿನಲ್ಲೂ ಇದನ್ನು ಬರೆದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಎರಡನೆಯದು ಎತ್ತರ. ಮರುಭೂಮಿ ಅಂದರೆ ಬಿಸಿ ಅಂದುಕೊಂಡು ಬರುವವರು ರಾತ್ರಿ ನಡುಗುತ್ತಾರೆ. ಅರಿಜೋನಾ ರಾಜ್ಯದ ಮೂರು ಊರು ನೋಡಿ: ಯೂಮಾ ಸಮುದ್ರಮಟ್ಟದಿಂದ 200 ಅಡಿಯ ಒಳಗೇ ಇದೆ, ಕ್ವಾರ್ಟ್ಸ್‌ಸೈಟ್ 900 ಅಡಿ, ಟೂಸಾನ್ ಸುಮಾರು 2,400 ಅಡಿ. ಮೇಲೆ ಹೋದಷ್ಟೂ ಚಳಿ. ಟೂಸಾನ್ ಕಡೆ ಜನವರಿಯ ಕೆಲವು ಬೆಳಗಿನ ಜಾವ ನೀರಿನ ಪೈಪು ಹೆಪ್ಪುಗಟ್ಟುವುದೂ ಉಂಟು. ಗಾಡಿಯ ಹೀಟರ್ ಉರಿಯುವುದು ಗ್ಯಾಸಿನಲ್ಲೇ, ಆದರೆ ಬಿಸಿಗಾಳಿ ಊದುವ ಫ್ಯಾನು ಬ್ಯಾಟರಿ ತಿನ್ನುತ್ತದೆ. ಡಿಸೆಂಬರ್‌ನಲ್ಲಿ ಹಗಲು ಚಿಕ್ಕದು, ಸೂರ್ಯ ತಗ್ಗಿನಲ್ಲೇ ಹೋಗುತ್ತಾನೆ, ಚಾವಣಿ ಮೇಲೆ ಮಲಗಿರುವ ಸೋಲಾರ್ ಪ್ಯಾನೆಲ್ ಬೇಸಿಗೆಯಷ್ಟು ಕೊಡುವುದಿಲ್ಲ. ಕರೆಂಟ್ ಕನೆಕ್ಷನ್ ಇಲ್ಲದ ಜಾಗದಲ್ಲಿ ನಾವು ಹೀಟರ್ ಆರಿಸಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುತ್ತೇವೆ.

ಟೂಸಾನ್: ಮೊದಲ ಸಲಕ್ಕೆ ಇದೇ

ಮೊದಲ ಸಲ ಹೋಗುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಟೂಸಾನ್. ಊರಿನ ಪಶ್ಚಿಮಕ್ಕೆ ಟೂಸಾನ್ ಮೌಂಟನ್ ಪಾರ್ಕ್ ಒಳಗೆ ಗಿಲ್ಬರ್ಟ್ ರೇ ಅಂತ ಕೌಂಟಿಯ ಕ್ಯಾಂಪ್‌ಗ್ರೌಂಡ್ ಇದೆ. ಪ್ರತಿ ಗಾಡಿಗೂ 30 ಆಂಪ್ ಕರೆಂಟು. ನೀರಿನ ನಲ್ಲಿ ಹತ್ತಿರದಲ್ಲೇ, ಡಂಪ್ ಸ್ಟೇಷನ್ ಒಳಗೇ. ಪಕ್ಕದಲ್ಲಿ ಸವಾರೊ ನ್ಯಾಷನಲ್ ಪಾರ್ಕ್. ಕೈ ಎತ್ತಿ ನಿಂತ ಮನುಷ್ಯನ ಹಾಗೆ ಕಾಣುವ ದೊಡ್ಡ ಕಳ್ಳಿ ಇದೆಯಲ್ಲ, ಅದು ಸವಾರೊ. ಅದಕ್ಕೆ ಮೊದಲ ಕೈ ಮೂಡಲು 50ರಿಂದ 75 ವರ್ಷ ಬೇಕು. ಇಳಿಸಂಜೆಯಲ್ಲಿ ಅವುಗಳ ನಡುವೆ ನಡೆದರೆ ಜಾತ್ರೆ ಮುಗಿಸಿ ಜನ ಮನೆಗೆ ಹೊರಟ ಹಾಗೆ ಕಾಣುತ್ತದೆ.

ಕರೆಂಟ್ ಇರುವುದರಿಂದ ಮಿಕ್ಸಿ, ಇಂಡಕ್ಷನ್ ಒಲೆ, ಹೀಟರ್ ಯಾವುದಕ್ಕೂ ಯೋಚನೆ ಇಲ್ಲ. ತರಕಾರಿ, ಆಸ್ಪತ್ರೆ, ಮೆಕ್ಯಾನಿಕ್ ಎಲ್ಲ ಅರ್ಧ ಗಂಟೆಯೊಳಗೆ. ಬೆಟ್ಟ ಹತ್ತಲು ಮಂಡಿ ಒಪ್ಪದವರಿಗೆ ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂ ಹತ್ತಿರ. 1952ರಲ್ಲಿ ಶುರುವಾದದ್ದು, ಹೆಸರಿಗೆ ಮ್ಯೂಸಿಯಂ, ಬಹುಪಾಲು ಬಯಲಲ್ಲೇ ಇದೆ. ಒಂದೂವರೆ ಗಂಟೆ ಗಾಡಿ ಓಡಿಸಿದರೆ ಫೀನಿಕ್ಸ್‌ನ ದಕ್ಷಿಣಕ್ಕೆ ಮರಿಕೋಪಾದಲ್ಲಿ ಮಹಾಗಣಪತಿ ದೇವಸ್ಥಾನ ಇದೆ. ವಾರಗಟ್ಟಲೆ ಕನ್ನಡ ಕಿವಿಗೆ ಬೀಳದೆ ಇದ್ದು, ಒಂದು ಭಾನುವಾರ ಅಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ಯಾರೋ "ಬಾರೋ, ಲೇಟಾಯ್ತು" ಅಂದದ್ದು ಕೇಳಿ ನಾನು ಸುಮ್ನೆ ನಿಂತುಬಿಟ್ಟಿದ್ದೆ.

ಒಂದು ಎಚ್ಚರಿಕೆ. ಪೇಟೆಯಿಂದ ಕ್ಯಾಂಪಿಗೆ ಮ್ಯಾಪ್ ನಿಮ್ಮನ್ನು ಗೇಟ್ಸ್ ಪಾಸ್ ಮೇಲೆ ಕಳಿಸುತ್ತದೆ. ಅದು ಕಡಿದಾದ ತಿರುವಿನ ಘಾಟಿ, ಉದ್ದ ಗಾಡಿಗಳಿಗೆ ಬಿಡುವುದಿಲ್ಲ. ಆಹೋ ವೇ, ಕಿನ್ನಿ ರೋಡ್ ಹಿಡಿದು ಸುತ್ತಿಕೊಂಡು ಬನ್ನಿ. ಜನವರಿ ಕೊನೆಯಿಂದ ಫೆಬ್ರುವರಿವರೆಗೆ ಊರಲ್ಲಿ ರತ್ನ-ಕಲ್ಲುಗಳ ದೊಡ್ಡ ಸಂತೆ ನಡೆಯುತ್ತದೆ. ಆಗ ಜಾಗ ಸಿಗುವುದು ಕಷ್ಟ.

ಕ್ವಾರ್ಟ್ಸ್‌ಸೈಟ್: ದುಡ್ಡಿಗೆ ಇದನ್ನು ಮೀರಿಸುವುದಿಲ್ಲ

ಇದು ಐ-10 ಹೆದ್ದಾರಿ ಮೇಲಿನ ಪುಟ್ಟ ಊರು, ಫೀನಿಕ್ಸ್‌ನಿಂದ ಪಶ್ಚಿಮಕ್ಕೆ 200 ಕಿಲೋಮೀಟರ್. ಬೇಸಿಗೆಯಲ್ಲಿ ನಾಯಿಯೂ ಕಾಣುವುದಿಲ್ಲ. ಜನವರಿಯಲ್ಲಿ ಕಣ್ಣು ಹಾಯುವಷ್ಟು ದೂರ ಬಿಳಿ ಗಾಡಿಗಳು. ಊರ ದಕ್ಷಿಣಕ್ಕೆ ಲಾ ಪೋಸಾ ಎಂಬ ಸರ್ಕಾರಿ ಬಯಲಿದೆ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ 1983ರಿಂದ ಇಂಥ ಬಯಲುಗಳಲ್ಲಿ ಚಳಿಗಾಲದ ವಾಸಕ್ಕೆ ಪರ್ಮಿಟ್ ಕೊಡುತ್ತಿದೆ. ನಾವು ಕೊಟ್ಟದ್ದು 14 ದಿನಕ್ಕೆ 40 ಡಾಲರ್, ಇಡೀ ಸೀಸನ್‌ಗೆ 180. ಸೀಸನ್ ಅಂದರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15. ಪೂರ್ತಿ ಇದ್ದರೆ ದಿನಕ್ಕೆ ಒಂದು ಡಾಲರೂ ಬೀಳುವುದಿಲ್ಲ. ದರ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಇದೇ ಪರ್ಮಿಟ್ ಯೂಮಾ ಹತ್ತಿರದ ಇಂಪೀರಿಯಲ್ ಡ್ಯಾಮ್ ಬಯಲಿಗೂ ನಡೆಯುತ್ತದೆ.

ಆ ದುಡ್ಡಿಗೆ ಸಿಗುವುದು ಇಷ್ಟು: ಎಲ್ಲಿ ಬೇಕಾದರೂ ನಿಲ್ಲಿಸುವ ಸ್ವಾತಂತ್ರ್ಯ, ಕುಡಿಯುವ ನೀರು, ಕಸ ಹಾಕಲು ಜಾಗ, ಒಂದು ಡಂಪ್ ಸ್ಟೇಷನ್. ಕರೆಂಟ್ ಇಲ್ಲ. ಜಾಗಕ್ಕೆ ನಂಬರ್ ಇಲ್ಲ, ಬೇಲಿ ಇಲ್ಲ. ಊರಿನ ಸುತ್ತ 14 ದಿನ ಪುಕ್ಕಟೆ ನಿಲ್ಲಿಸುವ ಬಯಲುಗಳೂ ಇವೆ, ಆದರೆ ಅಲ್ಲಿ ನೀರೂ ಇಲ್ಲ, ಡಂಪೂ ಇಲ್ಲ. ಊರೊಳಗೆ ಹೋಗಿ ದುಡ್ಡು ಕೊಟ್ಟು ತುಂಬಿಸಿ, ದುಡ್ಡು ಕೊಟ್ಟು ಖಾಲಿ ಮಾಡಿಸಿ ಬರಬೇಕು. ಲೆಕ್ಕ ಹಾಕಿದರೆ 40 ಡಾಲರಿನ ಪರ್ಮಿಟ್ಟೇ ಲೇಸು.

ಕಾರಿನ ಮಾತು ಬರುವುದು ಇಲ್ಲಿ. ಹಿಂದೆ ಕಾರು ಕಟ್ಟಿಕೊಂಡು ಬಂದವರು ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸಿ ಎರಡು ತಿಂಗಳು ಅಲುಗಾಡಿಸುವುದಿಲ್ಲ. ನಮಗೆ ಕಾರಿಲ್ಲ. ಕೊತ್ತಂಬರಿ ಸೊಪ್ಪು ಬೇಕೆಂದರೂ ಮನೆಯನ್ನೇ ಓಡಿಸಿಕೊಂಡು ಹೋಗಬೇಕು. ಡಬ್ಬಿಗಳನ್ನೆಲ್ಲ ಒಳಗಿಟ್ಟು, ಮೆಟ್ಟಿಲು ಮಡಚಿ, ಹೊರಗಿನ ಕುರ್ಚಿ ಅಲ್ಲೇ ಬಿಟ್ಟು ಜಾಗ ಹಿಡಿದು ಹೋಗುತ್ತೇವೆ, ಬಸ್ಸಿನ ಸೀಟಿಗೆ ಟವಲ್ ಹಾಕಿದ ಹಾಗೆ. ಒಂದು ಸಲ ಗಾಳಿಗೆ ಕುರ್ಚಿ ಹಾರಿಹೋಗಿ, ಪಕ್ಕದ ಮಿನೆಸೋಟಾದ ಅಜ್ಜ ಅದನ್ನು ಹಿಡಿದು ತಂದು ಕಲ್ಲು ಹೇರಿ ಇಟ್ಟಿದ್ದರು. ಈಗ ಎರಡು ಸೈಕಲ್ ಇವೆ.

ಜನ ಬೇಕೆನ್ನುವವರಿಗೆ ಇದು ಸ್ವರ್ಗ. ಜನವರಿಯಲ್ಲಿ ದೊಡ್ಡ ಟೆಂಟ್ ಹಾಕಿ ಆರ್‌ವಿ ಷೋ ನಡೆಸುತ್ತಾರೆ. ಕಲ್ಲಿನ ಸಂತೆ, ಹಳೇ ಸಾಮಾನಿನ ಸಂತೆ, ಸಂಜೆ ಬೆಂಕಿ ಹಾಕಿ ಸುತ್ತ ಕೂರುವುದು. ನಾನು ಹೊರಗೆ ಗ್ಯಾಸ್ ಒಲೆ ಇಟ್ಟು ಅಡುಗೆ ಮಾಡುತ್ತೇನೆ, ಯಾಕೆಂದರೆ ಒಳಗೆ ಒಗ್ಗರಣೆ ಹಾಕಿದ ಕೂಡಲೇ ಹೊಗೆ ಅಲಾರಂ ಬಡಿದುಕೊಳ್ಳುತ್ತದೆ. ಸಾಸಿವೆ ಸಿಡಿದ ಸದ್ದಿಗೆ ಮೂರು ಗಾಡಿಯವರು ಬಂದು ಇಣುಕಿದ್ದಾರೆ. ಇಡ್ಲಿ ಹಿಟ್ಟು ರಾತ್ರಿಯ 4 ಡಿಗ್ರಿಯಲ್ಲಿ ಹುಳಿ ಬರುವುದಿಲ್ಲ. ಬೆಳಿಗ್ಗೆ ಪಾತ್ರೆಗೆ ಇವರ ಸ್ವೆಟರ್ ಸುತ್ತಿ ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಬಿಸಿಲಿಗೆ ಇಡಿ. ಸಂಜೆ ಹೊತ್ತಿಗೆ ಉಕ್ಕಿ ಸ್ವೆಟರ್‌ಗೂ ಬಂದಿರುತ್ತದೆ.

ಊರಲ್ಲಿ ನೋಡುವುದು ಒಂದೇ, ಅದೂ ಸ್ಮಶಾನದಲ್ಲಿ. ಕಲ್ಲಿನ ಪಿರಮಿಡ್ಡು, ಮೇಲೊಂದು ಒಂಟೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಇಲ್ಲಿ ಸಾಮಾನು ಹೊರಲು ಒಂಟೆ ತರಿಸಿತ್ತು. ಅವುಗಳ ಜೊತೆ ಬಂದ ಹಾಜಿ ಅಲಿ ಇಲ್ಲೇ ಉಳಿದುಬಿಟ್ಟರು. ಇಲ್ಲಿಯವರ ಬಾಯಲ್ಲಿ ಹೆಸರು "ಹೈ ಜಾಲಿ" ಆಯಿತು. ತೀರಿಕೊಂಡದ್ದು 1902ರಲ್ಲಿ. ನನ್ನ ಹೆಸರನ್ನೂ ಇಲ್ಲಿ ಯಾರೂ ನೆಟ್ಟಗೆ ಹೇಳುವುದಿಲ್ಲ, ಹಾಗಾಗಿ ಅವರ ಮೇಲೆ ನನಗೆ ವಿಶೇಷ ಪ್ರೀತಿ.

ಯೂಮಾ: ಹಲ್ಲಿಗೆ, ಸೊಪ್ಪಿಗೆ

ಅರಿಜೋನಾದ ಈ ಜಾಗಗಳಲ್ಲಿ ಹೆಚ್ಚು ಬೆಚ್ಚಗಿರುವುದು ಯೂಮಾ. ಕೊಲರಾಡೊ ನದಿಯ ದಡ, ಮೆಕ್ಸಿಕೊ ಗಡಿ. ಚಳಿಗಾಲದಲ್ಲಿ ಅಮೆರಿಕ ತಿನ್ನುವ ಸೊಪ್ಪು-ಲೆಟ್ಯೂಸ್ ಬಹುಪಾಲು ಇಲ್ಲಿಯ ಹೊಲಗಳದ್ದು. ಮೆಜೂಲ್ ಖರ್ಜೂರವೂ ಇಲ್ಲಿಯದೇ. ಕರೆಂಟು, ನೀರು, ಡ್ರೈನು ಮೂರೂ ಗಾಡಿಯ ಹತ್ತಿರಕ್ಕೇ ಬರುವ ಖಾಸಗಿ ಪಾರ್ಕುಗಳು ಬೇಕಾದಷ್ಟಿವೆ. ಬಟ್ಟೆ ಒಗೆಯುವ ಮೆಷಿನ್, ಈಜುಕೊಳ, ಇಸ್ಪೀಟು ಎಲ್ಲ ಇರುತ್ತದೆ. ಗಾಡಿಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಪಕ್ಕದವರ ಗೊರಕೆ ಲೆಕ್ಕ ಹಾಕಬಹುದು.

ಬುಕ್ ಮಾಡುವ ಮುಂಚೆ ಎರಡು ವಿಷಯ ಕೇಳಿ. 55 ವರ್ಷ ದಾಟಿದವರಿಗೆ ಮಾತ್ರವಾ? ಹಾಗಿದ್ದರೆ ಮೊಮ್ಮಕ್ಕಳು ಬಂದರೆ ಎಷ್ಟು ದಿನ ಇರಬಹುದು? ಇನ್ನೊಂದು, ಗಾಡಿಗೆ ವಯಸ್ಸಿನ ಮಿತಿ ಇದೆಯಾ? ಇದನ್ನು ನಾವು ಕೇಳಿರಲಿಲ್ಲ. ಒಂದು ಪಾರ್ಕಿಗೆ ಮುಂಗಡ ಕೊಟ್ಟು, 300 ಕಿಲೋಮೀಟರ್ ಓಡಿಸಿ ಸಂಜೆ ಹೋಗಿ ನಿಂತರೆ, ಗೇಟಿನಲ್ಲಿದ್ದಾಕೆ ನಮ್ಮ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಹತ್ತು ವರ್ಷಕ್ಕಿಂತ ಹಳೆಯದನ್ನು ನಾವು ಬಿಡುವುದಿಲ್ಲ" ಅಂದಳು. ನಮ್ಮದಕ್ಕೆ ಆಗ ಹನ್ನೆರಡು. ಇವರು ಅವತ್ತು ಬೆಳಿಗ್ಗೆಯಷ್ಟೇ ಗಾಡಿ ತೊಳೆದು ಮಿರಮಿರ ಮಿಂಚಿಸಿದ್ದರು. ಮುಂಗಡ ವಾಪಸ್ ಬರಲು ಆರು ವಾರ ಆಯಿತು. ಅವತ್ತು ರಾತ್ರಿ ಇಂಪೀರಿಯಲ್ ಡ್ಯಾಮ್ ಬಯಲಿಗೆ ಹೋಗಿ ಮಲಗಿದೆವು. ಅದು ಕ್ಯಾಲಿಫೋರ್ನಿಯಾ ಕಡೆಯ ದಡ. ಚಳಿಗಾಲದಲ್ಲಿ ಅರಿಜೋನಾದ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಫೋನು ರಾತ್ರಿಯೆಲ್ಲ ಆ ಕಡೆ ಈ ಕಡೆ ಮಾಡಿ ನಮ್ಮನ್ನು ನಾಲ್ಕಕ್ಕೇ ಎಬ್ಬಿಸಿತು.

ಯೂಮಾಕ್ಕೆ ಅರ್ಧ ಜನ ಬರುವುದು ಹಲ್ಲಿಗಾಗಿ. ಗಡಿಯಾಚೆ ಲಾಸ್ ಆಲ್ಗೊಡೋನೆಸ್ ಎಂಬ ಊರಿದೆ, ಬೀದಿಯಿಡೀ ಹಲ್ಲಿನ ಡಾಕ್ಟರುಗಳು, ಕನ್ನಡಕದ ಅಂಗಡಿಗಳು. ಈಚೆ ಗಾಡಿ ನಿಲ್ಲಿಸಿ ನಡೆದು ದಾಟಬಹುದು. ಹೋಗುವುದು ಐದು ನಿಮಿಷ. ವಾಪಸ್ ಬರುವ ಸಾಲು ಜನವರಿಯಲ್ಲಿ ಗಂಟೆಗಟ್ಟಲೆ. ಗಡಿ ರಾತ್ರಿ ಮುಚ್ಚುತ್ತದೆ, ಅದಕ್ಕೇ ಬೆಳಿಗ್ಗೆ ಮೊದಲ ಅಪಾಯಿಂಟ್‌ಮೆಂಟ್ ತಗೊಳ್ಳಿ. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಕೈಯಲ್ಲೇ ಇರಲಿ.

ಗ್ರೀನ್ ಕಾರ್ಡ್ ಮಾತು ಬಂತಲ್ಲ, ಗಡಿ ದಾಟದಿದ್ದರೂ ಅದು ಬೇಕು. ಈ ಸೀಮೆಯ ಹೆದ್ದಾರಿಗಳಲ್ಲಿ ಗಡಿ ಕಾವಲಿನವರ ಚೆಕ್‌ಪೋಸ್ಟ್‌ಗಳಿವೆ. ಸಿಟಿಜನ್ನಾ ಅಂತ ಕೇಳುತ್ತಾರೆ. ಕಾರ್ಡು ಮನೆಯ ಲಾಕರಿನಲ್ಲಿದ್ದರೆ ಉಪಯೋಗವಿಲ್ಲ.

ಆರ್ಗನ್ ಪೈಪ್: ನನ್ನ ಆಯ್ಕೆ

ನನ್ನನ್ನು ಕೇಳಿದರೆ ಎರಡನೇ ಚಳಿಗಾಲಕ್ಕೆ ಇಲ್ಲಿಗೆ ಬನ್ನಿ. ಟೂಸಾನ್‌ನಿಂದ ಪಶ್ಚಿಮಕ್ಕೆ ಹೋಗಿ "ವೈ" ಎಂಬ ಊರಲ್ಲಿ ದಕ್ಷಿಣಕ್ಕೆ ತಿರುಗಬೇಕು. ಎರಡು ರಸ್ತೆ ವೈ (Y) ಅಕ್ಷರದ ಹಾಗೆ ಕೂಡುತ್ತಿದ್ದವಂತೆ, ಅದಕ್ಕೇ ಆ ಹೆಸರು, ಬರೆಯುವುದು ಮಾತ್ರ Why ಅಂತ. ಇವರು ಪ್ರತಿ ಸಲವೂ "ಯಾಕೆ ಬಂತು ನೋಡು" ಅನ್ನುತ್ತಾರೆ. ನಾನು ಪ್ರತಿ ಸಲವೂ ನಗುವುದಿಲ್ಲ.

ಆರ್ಗನ್ ಪೈಪ್ ಕ್ಯಾಕ್ಟಸ್ ನ್ಯಾಷನಲ್ ಮಾನ್ಯುಮೆಂಟ್ ಎಂಬ ಈ ಸಂರಕ್ಷಿತ ಪ್ರದೇಶ 1937ರಲ್ಲಿ ಆದದ್ದು. ಬುಡದಿಂದಲೇ ಹತ್ತಿಪ್ಪತ್ತು ಕೊಂಬೆ ನೆಟ್ಟಗೆ ಏಳುವ ಕಳ್ಳಿಯೇ ಆರ್ಗನ್ ಪೈಪ್. ಮೆಕ್ಸಿಕೊದಲ್ಲಿ ಬೇಕಾದಷ್ಟಿದೆ, ಅಮೆರಿಕದಲ್ಲಿ ನೋಡಬೇಕೆಂದರೆ ಇಲ್ಲಿಗೇ ಬರಬೇಕು. ಟ್ವಿನ್ ಪೀಕ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ 208 ಜಾಗಗಳಿವೆ. ಕರೆಂಟ್ ಇಲ್ಲ. ಡಂಪ್ ಸ್ಟೇಷನ್, ನೀರು, ಶುಚಿಯಾದ ಕಕ್ಕಸು ಇವೆ. ಕಕ್ಕಸು ಶುಚಿಯಾಗಿದ್ದರೆ ನಮ್ಮ ಬ್ಲ್ಯಾಕ್ ಟ್ಯಾಂಕಿನ ಚಿಂತೆಯೂ ಹೋಯಿತು. ಜನರೇಟರ್ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ. ಮಿಕ್ಕ ಹೊತ್ತು ಎಷ್ಟು ಮೌನ ಎಂದರೆ ಕುಕ್ಕರ್ ಕೂಗಿಸಲು ಸಂಕೋಚವಾಗುತ್ತದೆ. ರಾತ್ರಿಗೆ 20 ಡಾಲರ್ ಇತ್ತು. 62 ದಾಟಿದ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವರಿಗೆ 80 ಡಾಲರಿನ ಜೀವಮಾನದ ಸೀನಿಯರ್ ಪಾಸ್ ಇದೆ, ಅದಿದ್ದರೆ ಇಲ್ಲಿ ಅರ್ಧ. ವಯಸ್ಸಾದದ್ದರಿಂದ ಆದ ಲಾಭ ಇದೊಂದೇ.

ಆಹೋ ಮೌಂಟನ್ ಡ್ರೈವ್ ಎಂಬ 34 ಕಿಲೋಮೀಟರಿನ ಮಣ್ಣುರಸ್ತೆ ಇಲ್ಲಿಯ ಮುಖ್ಯ ನೋಟ. 24 ಅಡಿಗಿಂತ ಉದ್ದದ ಆರ್‌ವಿ ಬಿಡುವುದಿಲ್ಲ. ನಮ್ಮದು 25. ಒಂದು ಅಡಿಗೆ ತಪ್ಪಿತು! ಪಕ್ಕದ ಗಾಡಿಯ ದಂಪತಿ ತಮ್ಮ ಜೀಪಿನಲ್ಲಿ ಕರೆದುಕೊಂಡು ಹೋದರು, ನಾನು ಚಿತ್ರಾನ್ನ ಕಟ್ಟಿಕೊಂಡು ಹೋದೆ. ದಾರಿಯುದ್ದಕ್ಕೂ ಮೆಸ್ಕೀಟ್ ಮರಗಳು. ಎಲೆ, ಮುಳ್ಳು, ಕಾಯಿ ನೋಡಿದರೆ ಎಲ್ಲೋ ಕಂಡ ಮುಖ. ನಮ್ಮ ಬಳ್ಳಾರಿ ಜಾಲಿಯ ದಾಯಾದಿ ಇದು. ಬಳ್ಳಾರಿ ಜಾಲಿಯೂ ಈ ಖಂಡದಿಂದಲೇ ನಮ್ಮ ಕಡೆಗೆ ಬಂದದ್ದು. ಊರಲ್ಲಿ ಶಾಪ ಹಾಕುತ್ತೇವೆ, ಇಲ್ಲಿ ಅದರ ನೆರಳಿನಲ್ಲೇ ಕೂತು ಚಿತ್ರಾನ್ನ ತಿಂದೆವು.

ಚೋಯಾ ಕಳ್ಳಿಯ ಹತ್ತಿರ ಹೋಗಬೇಡಿ. ಮೆತ್ತಗೆ, ಹತ್ತಿಯ ಉಂಡೆಯ ಹಾಗೆ ಕಾಣುತ್ತದೆ. ತಾಗಿದರೆ ಒಂದು ತುಂಡೇ ಕಿತ್ತು ಬರುತ್ತದೆ. ಇವರ ಚಪ್ಪಲಿಗೆ ಒಂದು ಅಂಟಿತು, ಕಿತ್ತುಹಾಕಲು ಬಗ್ಗಿದರು, ಬೆರಳಿಗೆ ಬಂತು. ಇನ್ನೊಂದು ಕೈಯಿಂದ ಬಿಡಿಸಲು ಹೋದರು, ಅದಕ್ಕೂ ಬಂತು. ಬೇಡಿ ಹಾಕಿದವರ ಹಾಗೆ ಎರಡು ಕೈ ಜೋಡಿಸಿಕೊಂಡು ನಿಂತಿದ್ದರು. ರೇಂಜರಮ್ಮ ಬಂದು ಜೇಬಿನಿಂದ ಬಾಚಣಿಗೆ ತೆಗೆದು, ತುಂಡಿನ ಅಡಿಗೆ ತೂರಿಸಿ ಒಂದೇ ಸಲ ಚಿಮ್ಮಿಸಿದರು. ಉಳಿದ ಮುಳ್ಳುಗಳನ್ನು ರಾತ್ರಿ ಟಾರ್ಚ್ ಬೆಳಕಿನಲ್ಲಿ ನಾನು ಚಿಮಟದಿಂದ ತೆಗೆದೆ. ಹಲ್ಲು ಅಗಲ ಇರುವ ಬಾಚಣಿಗೆ ಒಂದು ಗಾಡಿಯ ಬಾಗಿಲಲ್ಲೇ ತೂಗುಹಾಕಿ.

ಬೊರೆಗೊ, ಮತ್ತೆ ಬಿಟ್ಟ ಜಾಗಗಳು

ಇವರ ಆಯ್ಕೆ ಬೇರೆ. ಕ್ಯಾಲಿಫೋರ್ನಿಯಾದ ಆಂಜಾ-ಬೊರೆಗೊ ಡೆಸರ್ಟ್ ಸ್ಟೇಟ್ ಪಾರ್ಕ್, ಸ್ಯಾನ್ ಡಿಯಾಗೊದಿಂದ ಎರಡು ಗಂಟೆ ದಾರಿ. ಆ ರಾಜ್ಯದ ಎಲ್ಲಕ್ಕಿಂತ ದೊಡ್ಡ ಸ್ಟೇಟ್ ಪಾರ್ಕ್, ಆರು ಲಕ್ಷ ಎಕರೆಗೂ ಜಾಸ್ತಿ. ರಸ್ತೆ ಪಕ್ಕ, ಕಣಿವೆಯಲ್ಲಿ, ಬಹಳ ಕಡೆ ಪುಕ್ಕಟೆ ನಿಲ್ಲಿಸಬಹುದು. ಗಿಡ ತುಳಿಯಬಾರದು, ಬೆಂಕಿ ಲೋಹದ ಪಾತ್ರೆಯಲ್ಲೇ ಹಾಕಬೇಕು, ಬೂದಿ ಹೊತ್ತು ತರಬೇಕು. ಮೂರು ದಿನ ಒಬ್ಬ ಮನುಷ್ಯನೂ ಕಾಣದೆ ಇದ್ದದ್ದುಂಟು. ಇವರಿಗೆ ಅದು ಪರಮ ಸುಖ. ನಾನು ಎರಡನೇ ದಿನಕ್ಕೇ ಕಾಗೆಯ ಜೊತೆ ಮಾತಾಡಲು ಶುರು ಮಾಡಿದ್ದೆ. ಊರಿನ ಆಕಾಶ ಕತ್ತಲಾಗಿಯೇ ಇರಲಿ ಅಂತ ದೀಪಗಳನ್ನು ಹತೋಟಿಯಲ್ಲಿ ಇಟ್ಟಿದ್ದಾರೆ. ಹಾಲುಹಾದಿಯನ್ನು ಹೀಗೆ ನೋಡಿದ್ದು ಚಿಕ್ಕಂದಿನಲ್ಲಿ, ಅಂಗಳದಲ್ಲಿ ಅಡಿಕೆ ಕಾಯುತ್ತ ಮಲಗಿದಾಗ. ಬೊರೆಗೊ ಸ್ಪ್ರಿಂಗ್ಸ್ ಊರಿನ ಬಯಲಲ್ಲಿ ಕಬ್ಬಿಣದ ಆನೆ, ಕುದುರೆ, ರಸ್ತೆಯ ಎರಡೂ ಕಡೆ ಎದ್ದುನಿಂತ ಒಂದು ಮಹಾಸರ್ಪ, ಹೀಗೆ ನೂರಕ್ಕೂ ಹೆಚ್ಚು ಶಿಲ್ಪಗಳಿವೆ. ರಿಕಾರ್ಡೊ ಬ್ರೆಸೀಡಾ ಮಾಡಿದ್ದು. ಸಾಮಾನು ತುಟ್ಟಿ, ಅಂಗಡಿ ಕಡಿಮೆ, ಅಕ್ಕಿ-ಬೇಳೆ ತುಂಬಿಕೊಂಡೇ ಹೋಗಿ. ಪಶ್ಚಿಮದಿಂದ ಬರುವ ಎಸ್-22 ರಸ್ತೆ ಮೂರು ಸಾವಿರ ಅಡಿಗೂ ಹೆಚ್ಚು ಇಳಿಯುತ್ತದೆ, ನಮ್ಮ ಬ್ರೇಕು ಸುಟ್ಟ ವಾಸನೆ ಬಂದಿತ್ತು. ಭಾರದ ಗಾಡಿಯವರು 78ನೇ ಹೆದ್ದಾರಿ ಕಡೆಯಿಂದ ಬರುವುದು ವಾಸಿ. ಮಳೆ ಚೆನ್ನಾಗಿ ಬಿದ್ದ ವರ್ಷ ಮಾರ್ಚ್ ಹೊತ್ತಿಗೆ ನೆಲವೆಲ್ಲ ಹೂವು. ಬೀಳದ ವರ್ಷ ಏನೂ ಇಲ್ಲ.

ಡೆತ್ ವ್ಯಾಲಿ ಒಂದು ವಾರಕ್ಕೆ ಚೆಂದ, ಚಳಿಗಾಲ ಕಳೆಯಲು ಅಲ್ಲ. ಪೆಟ್ರೋಲ್ ದುಬಾರಿ, ಕರೆಂಟಿರುವ ಜಾಗ ಕೆಲವೇ. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಸುಮಾರು 4,000 ಅಡಿ ಎತ್ತರದಲ್ಲಿದೆ, ರಾತ್ರಿ ಕೊರೆಯುತ್ತದೆ, ಒಳಗೆ ಆರ್‌ವಿ ನಿಲ್ಲಿಸಲು ಜಾಗವೂ ಇಲ್ಲ. ಹಗಲು ನೋಡಿ ಬನ್ನಿ.

ಈ ಸಲ ನಮ್ಮದು ಹೀಗೆ: ಡಿಸೆಂಬರ್ ಕ್ವಾರ್ಟ್ಸ್‌ಸೈಟ್, ಜನವರಿಯಲ್ಲಿ ಹತ್ತು ದಿನ ಆರ್ಗನ್ ಪೈಪ್, ಆಮೇಲೆ ಇವರ ಬೊರೆಗೊ. ಆರ್ಗನ್ ಪೈಪ್‌ಗೆ ಆರು ತಿಂಗಳ ಮುಂಚೆ ಬುಕಿಂಗ್ ತೆರೆಯುತ್ತದೆ. ಜುಲೈನಲ್ಲೇ ಕೂತು ಮಾಡಿದ್ದಾಗಿದೆ. ಬೊರೆಗೊದಲ್ಲಿ ಎಷ್ಟು ದಿನ ಅನ್ನುವ ಮಾತು ಇನ್ನೂ ಮುಗಿದಿಲ್ಲ. ಇವರು ಮೂರು ವಾರ ಅನ್ನುತ್ತಿದ್ದಾರೆ. ನಾನು ಗ್ರೇ ಟ್ಯಾಂಕ್ ತುಂಬುವವರೆಗೆ ಅಂದಿದ್ದೇನೆ.